ಅಜ್ಜಿ ಹೇಳುವ ಇಸವಿ, ಕಡತ ಹೇಳುವ ಇಸವಿ

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿ ಈಗ ದಕ್ಷಿಣ ಆಫ್ರಿಕಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಷನರಿಗಳಿಂದ ಬೇರೆಯಾಗಿ ಆಫ್ರಿಕನ್ನರೇ ಕಟ್ಟಿಕೊಂಡ ಕ್ರೈಸ್ತ ಸಭೆಗಳು ನನ್ನ ವಿಷಯ. ಪತ್ರಾಗಾರದಲ್ಲಿ ಸಿಗುವುದೆಲ್ಲ ಮಿಷನರಿಗಳ ದೂರು, ಪೊಲೀಸರ ವರದಿ. ಸಭೆಯ ಹಿರಿಯರನ್ನು ಮಾತನಾಡಿಸಿದರೆ ಕನಸು, ದರ್ಶನ, ಪವಾಡಗಳ ಮಾತು; ಅವರು ಹೇಳುವ ಇಸವಿಗಳು ಕಡತಕ್ಕೆ ಹೊಂದುವುದಿಲ್ಲ. ಬಾಯಿಮಾತು ಆಧಾರವಲ್ಲ ಎನ್ನುವ ಪರೀಕ್ಷಕರ ಮುಂದೆ ಇದನ್ನು ಹೇಗೆ ಸಮರ್ಥಿಸಿಕೊಳ್ಳಲಿ?

ಉತ್ತರ: ನಿಮ್ಮ ಪರೀಕ್ಷಕರಿಗೆ ಸಿದ್ಧಾಂತ ಒಪ್ಪಿಸಲು ಹೋಗಬೇಡಿ. ಒಂದು ಗೋರಿಯ ಕಥೆ ಹೇಳಿ.

ಈಸ್ಟರ್ನ್ ಕೇಪ್‌ನ ಖುಲೀಲೆ ಎಂಬ ಊರಿನ ನೊಂಟೆತಾ ಎನ್ಕ್ವೆನ್ಕ್ವೆ ಓದುಬರಹ ಬಾರದ ಕೋಸಾ ಹೆಂಗಸು, ವಿಧವೆ. 1918ರ ಇನ್‌ಫ್ಲುಯೆಂಜಾದಲ್ಲಿ ಹಾಸಿಗೆ ಹಿಡಿದು ಎದ್ದ ಮೇಲೆ, ಜ್ವರದಲ್ಲಿ ತನಗಾದ ದರ್ಶನಗಳನ್ನು ಹೇಳತೊಡಗಿದಳು. ಹೆಂಡ ಬಿಡಿ, ಮಾಟ ಬಿಡಿ, ಒಗ್ಗಟ್ಟಾಗಿ ಎಂಬುದು ಅವಳ ಬೋಧನೆಯ ಸಾರ. ಜನ ಸೇರಿದರು. ಅದು ಸರ್ಕಾರಕ್ಕೆ ಕೆಟ್ಟ ಕಾಲ. 1921ರ ಮೇ 24ರಂದು ಬುಲ್‌ಹೂಕ್‌ನಲ್ಲಿ ಪ್ರವಾದಿ ಈನಕ್ ಎಂಗಿಜಿಮಾ ಅವರ ಅನುಯಾಯಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ 160ಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಇನ್ನೊಬ್ಬ ಪ್ರವಾದಿಯ ಮೇಲೆ ಗುಂಡು ಹಾರಿಸುವ ಧೈರ್ಯ ಅಧಿಕಾರಿಗಳಿಗಿರಲಿಲ್ಲ. ಹುಚ್ಚಿ ಎಂದು ಬರೆಯುವುದು ಸುಲಭವಾಗಿತ್ತು. 1922ರಲ್ಲಿ ನೊಂಟೆತಾಳನ್ನು ಫೋರ್ಟ್ ಬೋಫೋರ್ಟ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅನುಯಾಯಿಗಳು ಅಲ್ಲಿಗೂ ಬರತೊಡಗಿದಾಗ, 1924ರಲ್ಲಿ ದೂರದ ಪ್ರಿಟೋರಿಯಾದ ವೆಸ್ಕೊಪೀಸ್ ಆಸ್ಪತ್ರೆಗೆ ಸಾಗಿಸಿದರು. 1926ರ ಕೊನೆಯಲ್ಲಿ ಆಕೆಯ ಅನುಯಾಯಿಗಳ ಒಂದು ಗುಂಪು ಆಕೆಯನ್ನು ಬಿಡಿಸಿಕೊಂಡು ಬರಲು ಸುಮಾರು ಸಾವಿರ ಕಿಲೋಮೀಟರ್ ನಡೆದುಕೊಂಡು ಪ್ರಿಟೋರಿಯಾಕ್ಕೆ ಹೋಯಿತು. ಬರಿಗೈಯಲ್ಲಿ ಮರಳಿತು. 1935ರಲ್ಲಿ ಆಕೆ ಆಸ್ಪತ್ರೆಯಲ್ಲೇ ತೀರಿಕೊಂಡಳು. ದೇಹವನ್ನು ಊರಿಗೆ ಕೊಡಲಿಲ್ಲ. ದಿಕ್ಕಿಲ್ಲದವರ ಮಸಣದಲ್ಲಿ, ಗುರುತಿನ ಕಲ್ಲೂ ಇಲ್ಲದೆ ಹೂಳಿದರು.

ಆಸ್ಪತ್ರೆಯ ಕಾಗದಗಳಲ್ಲಿ ಆಕೆ ಒಬ್ಬ ರೋಗಿ, ಅಷ್ಟೇ. ಸಭೆಯವರ ಬಾಯಲ್ಲಿ ಆಕೆ ಇನ್ನೂ ಮನೆಗೆ ಬಾರದ ತಾಯಿ. ದಶಕಗಳ ನಂತರ ಇತಿಹಾಸಕಾರರು ಸಂದರ್ಶನಕ್ಕೆಂದು ಬಂದಾಗ, ಮುದುಕರು ಉತ್ತರ ಹೇಳಿದ್ದಲ್ಲದೆ ತಿರುಗಿ ಒಂದು ಪ್ರಶ್ನೆಯನ್ನೂ ಹಾಕಿದರು: ನಮ್ಮ ತಾಯಿಯನ್ನು ಎಲ್ಲಿ ಹೂತಿದ್ದಾರೆ, ಹುಡುಕಿ ಕೊಡುತ್ತೀರಾ? ಹುಡುಕಾಟ ಕೊನೆಗೆ ಪ್ರಿಟೋರಿಯಾದ ಸ್ಮಶಾನದ ದಾಖಲೆಗಳಿಗೆ ಹೋಗಿ ಮುಟ್ಟಿತು. 1998ರಲ್ಲಿ ಆಕೆಯ ಅಸ್ಥಿ ಖುಲೀಲೆಗೆ ಮರಳಿತು. ಸಭೆ ತನ್ನ ಪ್ರವಾದಿನಿಯನ್ನು ತನ್ನ ಮಣ್ಣಿನಲ್ಲಿ ಮಣ್ಣು ಮಾಡಿತು.

ಗೋರಿ ಇದ್ದ ಜಾಗ ಬಾಯಿಮಾತಿಗೆ ಗೊತ್ತಿರಲಿಲ್ಲ. ಆದರೆ ಬಾಯಿಮಾತು ಇಲ್ಲದಿದ್ದರೆ ಆ ದಾಖಲೆಯನ್ನು ಯಾರೂ ಬಿಚ್ಚುತ್ತಿರಲಿಲ್ಲ. ನೀವು ಮಾಡಬೇಕಾದ ಕೆಲಸ ಇಷ್ಟೇ: ಧ್ವನಿಯ ಕೈಯಲ್ಲಿ ಕಾಗದವನ್ನು ಪ್ರಶ್ನಿಸಿ, ಕಾಗದದ ಕೈಯಲ್ಲಿ ಧ್ವನಿಯನ್ನು ಪ್ರಶ್ನಿಸಿ. ಎರಡರಲ್ಲಿ ಒಂದನ್ನು ಸಾಕ್ಷಿ, ಇನ್ನೊಂದನ್ನು ಆರೋಪಿ ಎಂದು ಮೊದಲೇ ತೀರ್ಮಾನಿಸುವವರು ಇತಿಹಾಸಕಾರರಲ್ಲ, ಗುಮಾಸ್ತರು.

ಕಾಗದ ಕಾಗದ ಎನ್ನುವವರಿಗೆ ಇನ್ನೊಂದು ಮಾತು ನೆನಪಿಸಿ. ಪೊಲೀಸ್ ವರದಿ ಎಂದರೆ ಏನು? ಒಬ್ಬ ಮಾಹಿತಿದಾರ ಸಭೆಯ ಹಿಂಬದಿಯಲ್ಲಿ ಕೂತು ಕೇಳಿಸಿಕೊಂಡದ್ದನ್ನು ದುಭಾಷಿಗೆ ಹೇಳಿ, ದುಭಾಷಿ ಇಂಗ್ಲಿಷಿಗೆ ತಿರುಗಿಸಿ, ಅಧಿಕಾರಿ ತನಗೆ ಬೇಕಾದಷ್ಟು ಬರೆದುಕೊಂಡದ್ದು. ಮೂರು ಬಾಯಿ ದಾಟಿ ಬಂದ ಮಾತಿಗೆ ಮೊಹರು ಬಿದ್ದ ಮಾತ್ರಕ್ಕೆ ಅದು ದಾಖಲೆಯಾಯಿತು. ಮಿಷನರಿಗಳ ಪತ್ರಗಳ ಗತಿಯೂ ಹೆಚ್ಚು ಬೇರೆಯಲ್ಲ.

ಆಫ್ರಿಕಾದ ಸಭೆಗಳ ಒಳಗಿನವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ನಮ್ಮ ಕರಾವಳಿಯವರಿಗೆ ಬಾಸೆಲ್ ಮಿಷನ್ ಎಂದರೆ ಮಂಗಳೂರು, ಹೆಂಚು, ಕಿಟೆಲ್ ನಿಘಂಟು. ಅದೇ ಮಿಷನ್ ಮಂಗಳೂರಿಗೆ ಬರುವ ಆರು ವರ್ಷ ಮೊದಲೇ, 1828ರಲ್ಲಿ, ಇಂದಿನ ಘಾನಾದ ಗೋಲ್ಡ್ ಕೋಸ್ಟ್‌ನಲ್ಲಿ ಇಳಿದಿತ್ತು. ಅಲ್ಲಿನ ಸಭಾಪಾಲಕ ಕಾರ್ಲ್ ಕ್ರಿಶ್ಚಿಯನ್ ರೈನ್‌ಡಾರ್ಫ್ ಹುಟ್ಟಿದ್ದು 1834ರಲ್ಲಿ, ಮಿಷನ್ ಮಂಗಳೂರಿಗೆ ಕಾಲಿಟ್ಟ ವರ್ಷ. ಆತ 200ಕ್ಕೂ ಹೆಚ್ಚು ಗಂಡಸರು ಹೆಂಗಸರನ್ನು ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರದರೊಂದಿಗೆ ತೂಗಿ ನೋಡಿ ಗೋಲ್ಡ್ ಕೋಸ್ಟ್ ಮತ್ತು ಅಶಾಂಟಿಯ ಇತಿಹಾಸ ಬರೆದರು. ಮಂಗಳೂರಿನಲ್ಲಿ ಕಿಟೆಲ್ ನಿಘಂಟು ಅಚ್ಚಾದ 1894ರ ಮರುವರ್ಷ ಆ ಪುಸ್ತಕ ಹೊರಬಂತು. ಹೆಂಗಸರನ್ನೂ ಕೇಳಿದ್ದೇನೆ ಎಂದು 1895ರಲ್ಲಿ ಮುನ್ನುಡಿಯಲ್ಲಿ ಹೇಳಿಕೊಂಡ ಇತಿಹಾಸಕಾರರು ಯುರೋಪಿನಲ್ಲಿ ಎಷ್ಟು ಜನ ಇದ್ದರು ಎಂದು ನಿಮ್ಮ ಪರೀಕ್ಷಕರನ್ನು ನಯವಾಗಿ ಕೇಳಬಹುದು.

ಇನ್ನು ಇಸವಿಗಳ ತಕರಾರು. ಇದರಲ್ಲಿ ಹೊಸಬರು ಹೆಚ್ಚು ಸಮಯ ಕಳೆದುಕೊಳ್ಳುತ್ತಾರೆ. ದಕ್ಷಿಣ ಆಫ್ರಿಕಾದ ಅತಿ ದೊಡ್ಡ ಸ್ವತಂತ್ರ ಸಭೆಯಾದ ಜಿಯಾನ್ ಕ್ರಿಶ್ಚಿಯನ್ ಚರ್ಚನ್ನೇ ನೋಡಿ. ಅದು ತನ್ನ ಹುಟ್ಟನ್ನು 1910ಕ್ಕೆ ಇಡುತ್ತದೆ. ಎಂಗೆನಾಸ್ ಲೆಖಾನ್ಯಾನೆ ತನ್ನದೇ ಸಭೆಯನ್ನು ಬೇರೆಯಾಗಿ ಕಟ್ಟಿದ್ದು 1920ರ ದಶಕದ ನಡುವೆ ಎನ್ನುತ್ತವೆ ಕಡತಗಳು. ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಅಲ್ಲ. ಸಭೆ ಲೆಕ್ಕ ಹಾಕುವುದು ಸ್ಥಾಪಕನಿಗೆ ದರ್ಶನವಾದ ವರ್ಷದಿಂದ. ಕಡತದ ಲೆಕ್ಕ ಶುರುವಾಗುವುದು ಆತ ಸರ್ಕಾರದ ಕಣ್ಣಿಗೆ ಬಿದ್ದ ಮೇಲೆ. ‘ಸಭೆ ಯಾವಾಗ ಶುರುವಾಯಿತು?’ ಎಂದು ಕೇಳಿದ್ದೇ ನಿಮ್ಮ ತಪ್ಪು. ಮೊದಲ ಪ್ರಾರ್ಥನೆ ಯಾರ ಮನೆಯ ಅಂಗಳದಲ್ಲಿ ನಡೆಯಿತು, ಆಗ ಹೊಲದಲ್ಲಿ ಏನು ಬೆಳೆದಿತ್ತು, ನಿಮ್ಮಣ್ಣ ಹುಟ್ಟಿದ್ದನೋ ಇಲ್ಲವೋ ಎಂದು ಕೇಳಿ. ಇಸವಿಯನ್ನು ನೀವೇ ಕಟ್ಟಿಕೊಳ್ಳಬಹುದು.

1910 ಎಂಬುದರ ಬಗ್ಗೆ ಇನ್ನೊಂದು ಎಚ್ಚರ. ಲೈಬೀರಿಯಾದ ಪ್ರವಾದಿ ವಿಲಿಯಂ ವೇಡ್ ಹ್ಯಾರಿಸ್‌ಗೆ ಸೆರೆಮನೆಯಲ್ಲಿ ದರ್ಶನವಾದದ್ದು 1910ರಲ್ಲಿ. ಇಸಾಯಾ ಶೆಂಬೆ ನಟಾಲ್‌ನಲ್ಲಿ ನಜರೇತ್ ಸಭೆ ಕಟ್ಟಿದ್ದೂ 1910ರ ಸುಮಾರಿಗೆ. ಈನಕ್ ಎಂಗಿಜಿಮಾ ಸಂಕೇತವೆಂದು ತಿಳಿದ ಹ್ಯಾಲಿ ಧೂಮಕೇತು ಕಾಣಿಸಿಕೊಂಡದ್ದೂ ಅದೇ ವರ್ಷ. ಕೆಲವು ವರ್ಷಗಳು ಹಾಗೆ ಗೂಟವಾಗುತ್ತವೆ. ಆಚೀಚಿನ ಘಟನೆಗಳೆಲ್ಲ ಬಂದು ಅವುಗಳಿಗೆ ಕಟ್ಟಿಕೊಳ್ಳುತ್ತವೆ. 1918ರ ಜ್ವರದ್ದೂ ಅದೇ ಕೆಲಸ. ನೊಂಟೆತಾಳನ್ನು ಎಬ್ಬಿಸಿದ ಆ ಜ್ವರವೇ ನೈಜೀರಿಯಾದ ಇಜೆಬು ಒಡೆಯಲ್ಲಿ ಔಷಧ ಬಿಟ್ಟು ಪ್ರಾರ್ಥನೆಯನ್ನೇ ನಂಬಿದ ಒಂದು ಪುಟ್ಟ ಗುಂಪನ್ನೂ ಹುಟ್ಟಿಸಿತು. ಅಲಾದುರಾ, ಅಂದರೆ ಪ್ರಾರ್ಥನೆಯವರು, ಎಂದು ಕರೆಸಿಕೊಳ್ಳುವ ಸಭೆಗಳ ಬೇರುಗಳಲ್ಲಿ ಅದೂ ಒಂದು. ಆದ್ದರಿಂದ ‘ಜ್ವರದ ವರ್ಷ’ ಎಂದು ಯಾರಾದರೂ ಹೇಳಿದರೆ ಸಂತೋಷಪಡಿ, ಆದರೆ ತಕ್ಷಣ 1918 ಎಂದು ಬರೆದುಕೊಳ್ಳಬೇಡಿ. ಜ್ವರದಲ್ಲಿ ಅವರ ಮನೆಯಲ್ಲಿ ಯಾರು ಸತ್ತರು, ಸತ್ತವರನ್ನು ಹೂಳಲು ಸಭೆಯವರು ಬಂದರೋ ಎಂದು ಮುಂದಕ್ಕೆ ಕೇಳಿ. ಸಭೆ ಆಗಲೇ ಇತ್ತೋ, ಆಮೇಲೆ ಬಂತೋ ಎಂಬುದು ಅಲ್ಲಿ ಹೊರಬೀಳುತ್ತದೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ಹಿರಿಯರು ಹೇಳುವುದೆಲ್ಲ ಕನಸು, ಪವಾಡ ಎಂದಿರಿ. ಸಭೆಯಲ್ಲಿ ನೆನಪು ಎಂಬುದೇ ಒಂದು ಆರಾಧನೆ. ನೀವು ಕೇಳಿದಾಗ ಮೊದಲು ಸಿಗುವುದು ಅವರು ಪ್ರತಿ ವಾರ ಎದ್ದು ನಿಂತು ಹೇಳಿ ಹೇಳಿ ಹದಗೊಳಿಸಿದ ಸಾಕ್ಷಿ. ಪೂರ್ವ ಆಫ್ರಿಕಾದಲ್ಲಿ 1930ರ ದಶಕದಲ್ಲಿ ಹಬ್ಬಿದ ಉಜ್ಜೀವನ ಚಳವಳಿಯ ‘ಬಲೊಕೊಲೆ’ಗಳನ್ನು, ಎಂದರೆ ರಕ್ಷಣೆ ಹೊಂದಿದವರನ್ನು, ಮಾತನಾಡಿಸಿದವರಿಗೆಲ್ಲ ಇದು ಗೊತ್ತು: ಮೊದಲು ಹೀಗೆ ಪಾಪಿಯಾಗಿದ್ದೆ, ಆ ದಿನ ಮುರಿದುಬಿದ್ದೆ, ಎಲ್ಲರೆದುರು ಒಪ್ಪಿಕೊಂಡೆ, ಈಗ ಬೆಳಕಿನಲ್ಲಿದ್ದೇನೆ. ಹತ್ತು ಜನರನ್ನು ಕೇಳಿದರೆ ಹತ್ತೂ ಒಂದೇ ಅಚ್ಚು. ಆ ಅಚ್ಚನ್ನು ಬಿಸಾಡಬೇಡಿ. ಒಂದು ಸಮುದಾಯ ತನ್ನನ್ನು ತಾನು ಹೇಗೆ ಕಾಣಲು ಬಯಸುತ್ತದೆ ಎಂಬುದು ಅದರಲ್ಲಿದೆ. ಆದರೆ ಅಲ್ಲಿಗೇ ರೆಕಾರ್ಡರ್ ಮುಚ್ಚಿ ಎದ್ದು ಬರಬೇಡಿ.

ನನ್ನ ಒಂದು ಪಾಡು ಹೇಳುತ್ತೇನೆ. ನಮ್ಮ ಕರಾವಳಿಯ ಹಳೆಯ ಮಿಷನ್ ಕುಟುಂಬವೊಂದರ ಅಜ್ಜಿಯನ್ನು ಮಾತನಾಡಿಸಲು ಹೋಗಿದ್ದೆ. ಮುತ್ತಜ್ಜ ಕ್ರೈಸ್ತನಾದ ಕಥೆಯನ್ನು ಆಕೆ ಹತ್ತು ನಿಮಿಷದಲ್ಲಿ ಒಪ್ಪಿಸಿದರು. ಸಭೆಯ ಸ್ಮರಣಸಂಚಿಕೆಯಲ್ಲಿ ಅಚ್ಚಾಗಿದ್ದ ಮಾತುಗಳೇ, ಅದೇ ಕ್ರಮದಲ್ಲಿ. ನಾನು ಪೆಚ್ಚಾಗಿ ಕೂತಿದ್ದೆ. ಹೊರಡುವ ಮುನ್ನ, ಏನೋ ಮಾತಿಗೆಂದು, ಆಮೇಲೆ ನಿಮ್ಮ ಮುತ್ತಜ್ಜಿ ನೀರು ಎಲ್ಲಿಂದ ತರುತ್ತಿದ್ದರು ಎಂದು ಕೇಳಿದೆ. ಅಜ್ಜಿ ನಕ್ಕರು. ಹಳೆಯ ಬಾವಿ ತಪ್ಪಿದ್ದು, ಮಿಷನ್ ಹಿತ್ತಲಿನ ಬಾವಿಗೆ ಹೋಗಲು ಹೆದರಿದ್ದು, ತವರಿನ ತಂಗಿ ಕತ್ತಲಾದ ಮೇಲೆ ಕದ್ದು ಒಂದು ಕೊಡ ಇಟ್ಟು ಹೋಗುತ್ತಿದ್ದದ್ದು, ಎಲ್ಲ ಬಂತು. ಚಹಾ ಎರಡು ಸಲ ಆಯಿತು. ಸ್ಮರಣಸಂಚಿಕೆಯಲ್ಲಿ ಬಾವಿಯ ಸುದ್ದಿ ಇರಲಿಲ್ಲ. ಘಾನಾದಲ್ಲೂ ಬಾಸೆಲ್ ಮಿಷನ್ ಹೊಸ ಕ್ರೈಸ್ತರಿಗೆ ಊರಿನ ಪಕ್ಕ ‘ಸೇಲಂ’ ಎಂಬ ಬೇರೆ ಕೇರಿ ಕಟ್ಟಿಸಿತ್ತು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಸೇಲಂಗೂ ಹಳೆಯ ಊರಿಗೂ ನಡುವೆ ದಿನಾ ಓಡಾಡುತ್ತಿದ್ದವರು ಯಾರು, ಏನು ಹೊತ್ತುಕೊಂಡು?

ದಕ್ಷಿಣ ಆಫ್ರಿಕಾದಲ್ಲಿ ನಿಮಗೆ ಆ ಬಾವಿಯ ಜಾಗದಲ್ಲಿ ಕುಪ್ಪಸ ಸಿಗುತ್ತದೆ. ಸಭೆಗಳ ಹೆಂಗಸರ ಪ್ರಾರ್ಥನಾ ಸಂಘಗಳನ್ನು ಮನ್ಯಾನೊ ಎನ್ನುತ್ತಾರೆ. ಮೆಥಡಿಸ್ಟ್ ಹೆಂಗಸರದ್ದು ಕೆಂಪು ಕುಪ್ಪಸ, ಬಿಳಿ ಕಾಲರ್, ಕಪ್ಪು ಲಂಗ, ಬಿಳಿ ಟೊಪ್ಪಿ. ಅವರು ಸೇರುವುದು ಗುರುವಾರ ಮಧ್ಯಾಹ್ನ. ಏಕೆ ಗುರುವಾರ? ಬಿಳಿಯರ ಮನೆಗಳಲ್ಲಿ ಅಡುಗೆ, ಕಸ ಮುಸುರೆ ಮಾಡುತ್ತಿದ್ದ ಹೆಂಗಸರಿಗೆ ಸಿಗುತ್ತಿದ್ದ ಬಿಡುವು ಗುರುವಾರದ ಅರ್ಧ ದಿನ. ಈ ಒಂದು ವಿವರದಲ್ಲಿ ಒಂದು ದೇಶದ ದುಡಿಮೆಯ ಇತಿಹಾಸ ಕೂತಿದೆ. ಪಾದ್ರಿಗಳು ಬರೆದ ವಾರ್ಷಿಕ ವರದಿಗಳಲ್ಲಿ ಅದನ್ನು ಹುಡುಕುವುದು ಕಷ್ಟ. ಸ್ಥಾಪಕ ಪ್ರವಾದಿಯ ಬಗ್ಗೆ ಕೇಳುವ ಬದಲು, ಮೊದಲ ಸಲ ಆ ಕುಪ್ಪಸ ತೊಡಿಸಿದ ದಿನವನ್ನು ಕೇಳಿ. ಬಟ್ಟೆಗೆ ದುಡ್ಡು ಎಲ್ಲಿಂದ ಬಂತು, ಯಾರು ಹೊಲಿದರು, ಯಾರಿಗೆ ತೊಡಲು ಅನುಮತಿ ಸಿಗಲಿಲ್ಲ, ಏಕೆ. ಕೊನೆಯ ಪ್ರಶ್ನೆಗೆ ದನಿ ಇಳಿಯುತ್ತದೆ. ಆಗ ಸುಮ್ಮನಿರಲು ಕಲಿಯಿರಿ.

ಒಬ್ಬನೇ ಮನುಷ್ಯನನ್ನು ಎರಡು ಸಭೆಗಳು ನೆನಪಿಟ್ಟುಕೊಂಡಾಗ ಕೆಲಸ ಇನ್ನೂ ಸ್ವಾರಸ್ಯವಾಗುತ್ತದೆ. ಹ್ಯಾರಿಸ್ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ಶಿಲುಬೆಯ ಕೋಲು, ಬೈಬಲ್, ದೀಕ್ಷಾಸ್ನಾನಕ್ಕೆ ನೀರಿನ ಸೋರೆಬುರುಡೆ ಹಿಡಿದು 1913ರಲ್ಲಿ ಐವರಿ ಕೋಸ್ಟ್‌ಗೆ ನಡೆದುಕೊಂಡು ಬಂದರು. ಫ್ರೆಂಚರು ಹೊರಗಟ್ಟುವ ಮೊದಲು, ಒಂದೂವರೆ ವರ್ಷದೊಳಗೆ, ಒಂದು ಲಕ್ಷದಷ್ಟು ಜನ ದೀಕ್ಷಾಸ್ನಾನ ಪಡೆದರೆಂಬುದು ಸಾಮಾನ್ಯ ಅಂದಾಜು. 1924ರಲ್ಲಿ ಮೆಥಡಿಸ್ಟ್ ಮಿಷನರಿಗಳು ಬಂದಾಗ ಊರೂರಲ್ಲಿ ಕಾಯುತ್ತಿದ್ದ ಸಭೆಗಳನ್ನು ಕಂಡರು. ಮೆಥಡಿಸ್ಟರ ನೆನಪಿನಲ್ಲಿ ಹ್ಯಾರಿಸ್ ಹೇಳಿದ್ದು, ಪುಸ್ತಕ ಹಿಡಿದ ಬೋಧಕರು ಬರುತ್ತಾರೆ, ಕಾಯಿರಿ ಎಂದು. 1926ರಲ್ಲಿ ಮುದುಕ ಹ್ಯಾರಿಸ್‌ರಿಂದ ಅವರು ಅದೇ ಅರ್ಥದ ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡು ಬಂದರು. ಹ್ಯಾರಿಸ್ ಸಭೆಯವರ ನೆನಪೇ ಬೇರೆ: 1928ರಲ್ಲಿ ಐವರಿ ಕೋಸ್ಟ್‌ನ ಅನುಯಾಯಿ ಜೋನಾಸ್ ಆಹುಯಿ ಪ್ರವಾದಿಯನ್ನು ಕಾಣಲು ಹೋದಾಗ ಅವರು ತಮ್ಮ ಕೋಲನ್ನೂ ಬೈಬಲನ್ನೂ ಆತನ ಕೈಗಿತ್ತು, ಕೆಲಸ ಮತ್ತೆ ಶುರುಮಾಡು ಎಂದರು. ಮರುವರ್ಷ ಹ್ಯಾರಿಸ್ ತೀರಿಕೊಂಡರು. ಒಂದು ಕಡೆ ಸಹಿ, ಇನ್ನೊಂದು ಕಡೆ ಕೋಲು. ನ್ಯಾಯಾಲಯವಾಗಿದ್ದರೆ ಸಹಿ ಗೆಲ್ಲುತ್ತಿತ್ತು. ನನಗೆ ಎರಡೂ ನಿಜವೆನಿಸುತ್ತವೆ: ಬಂದವರಿಗೆಲ್ಲ ಅವರು ಬೇಡಿದ್ದನ್ನು ಕೊಟ್ಟು ಕಳಿಸಿದ ಒಬ್ಬ ದಣಿದ ಮುದುಕ ನನ್ನ ಕಣ್ಣಿಗೆ ಬೀಳುತ್ತಾನೆ. ಆದರೆ ಇದು ನನ್ನ ಊಹೆ, ಪುರಾವೆಯಲ್ಲ. ನೀವು ಬರೆಯುವಾಗಲೂ ಈ ಗೆರೆಯನ್ನು ಓದುಗರಿಗೆ ಕಾಣುವಂತೆ ಎಳೆಯಿರಿ.

ಭಾಷೆಯ ವಿಷಯದಲ್ಲಿ ಕನ್ನಡ ಬಲ್ಲ ನಿಮಗೆ ಒಂದು ಅನುಕೂಲವಿದೆ. ಜುಲು ಹಿರಿಯರು ‘ಉಮೋಯಾ’ ಎನ್ನುತ್ತಾರೆ. ಅನುವಾದಕರು ಕಣ್ಣು ಮುಚ್ಚಿ ‘ಪವಿತ್ರಾತ್ಮ’ ಎಂದು ಬರೆದುಬಿಡುತ್ತಾರೆ. ಉಮೋಯಾ ಎಂದರೆ ಗಾಳಿ, ಉಸಿರು, ಆತ್ಮ. ‘ಗಾಳಿ ಹಿಡಿದಿದೆ’ ಎಂಬ ನಮ್ಮ ಮಾತನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಮಾತನಾಡಿಸಿದ ಜುಲು ಅಜ್ಜಿ ಹೇಳಿದ ಉಮೋಯಾ ಬೈಬಲಿನದೋ, ಪೂರ್ವಜರದೋ, ಎರಡನ್ನೂ ಬೇರೆ ಮಾಡದ ಒಂದೋ ಎಂಬುದೇ ನಿಮ್ಮ ಪ್ರಬಂಧದ ಒಂದು ಅಧ್ಯಾಯವಾಗಬಹುದು. ಅನುವಾದದಲ್ಲಿ ಅದನ್ನು ನುಂಗಿಹಾಕಬೇಡಿ. ಮೂಲ ಪದವನ್ನು ಹಾಗೆಯೇ ಉಳಿಸಿ.

ಪವಾಡಗಳನ್ನು ನಂಬಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವ ಪವಾಡವನ್ನು, ಯಾರು, ಯಾವ ದಿನ ಹೇಳುತ್ತಾರೆ ಎಂದು ಗಮನಿಸಿ. ಕಾಂಗೋದ ಪ್ರವಾದಿ ಸಿಮೋನ್ ಕಿಂಬಾಂಗು 1921ರ ಏಪ್ರಿಲ್ 6ರಂದು ಎನ್ಕಂಬಾದಲ್ಲಿ ಒಬ್ಬ ಹೆಂಗಸಿನ ಕಾಯಿಲೆ ವಾಸಿಮಾಡಿದರೆಂದು ಅವರ ಸಭೆ ಹೇಳುತ್ತದೆ. ಅಲ್ಲಿಂದ ಆರು ತಿಂಗಳೂ ಕಳೆಯುವ ಮುನ್ನ ಬೆಲ್ಜಿಯನ್ ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದನ್ನು ಬೆಲ್ಜಿಯಂ ರಾಜ ಜೀವಾವಧಿಗೆ ಇಳಿಸಿದ. ಕಿಂಬಾಂಗು ಮೂವತ್ತು ವರ್ಷ ಎಲಿಜಬೆತ್‌ವಿಲ್‌ನ ಸೆರೆಮನೆಯಲ್ಲಿದ್ದು 1951ರಲ್ಲಿ ಅಲ್ಲೇ ತೀರಿಕೊಂಡರು. ಗುಣವಾದ ಆ ದಿನ ಈಗ ಸಭೆಯ ಹಬ್ಬ, 2023ರಿಂದ ದೇಶಕ್ಕೇ ಸರ್ಕಾರಿ ರಜೆ. ಅದೇ ಸಭೆ ಕ್ರಿಸ್ಮಸ್ಸನ್ನು ಡಿಸೆಂಬರ್‌ನಿಂದ ಮೇ 25ಕ್ಕೆ ತಂದಿದೆ. ಅದು ಕಿಂಬಾಂಗು ಅವರ ಎರಡನೆಯ ಮಗನ ಹುಟ್ಟಿದ ದಿನ. 2001ರ ನಂತರ ಉತ್ತರಾಧಿಕಾರದ ಜಗಳದಲ್ಲಿ ವಂಶವೇ ಕವಲೊಡೆಯಿತು. ಹೀಗಿರುವಾಗ ಯಾವ ಕವಲಿನವರ ಮನೆಯಲ್ಲಿ ಕೂತು ಯಾವ ಮಗನ ಕಥೆ ಕೇಳಿದಿರಿ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯದಿದ್ದರೆ ನಿಮ್ಮ ಧ್ವನಿಮುದ್ರಣ ಅರ್ಧ ಕುರುಡು. ಸಭೆಯ ಕಾರ್ಯದರ್ಶಿ ಪಕ್ಕದಲ್ಲಿ ಕೂತಿದ್ದರೇ ಎಂಬುದನ್ನೂ ಬರೆಯಿರಿ. ಅವರು ಕೂತೇ ಕೂತಿರುತ್ತಾರೆ.

ಆಫ್ರಿಕಾ ಎಂದರೆ ಬಾಯಿಮಾತು, ಯುರೋಪ್ ಎಂದರೆ ಕಾಗದ ಎಂಬ ಹಳೆಯ ಗೆರೆಯನ್ನೂ ನಂಬಬೇಡಿ. ಶೆಂಬೆ ಸಭೆಯಲ್ಲಿ ಪೆಟ್ರೋಸ್ ಧ್ಲೋಮೋ ಎಂಬವರು ವರ್ಷಗಟ್ಟಲೆ ಸದಸ್ಯರ ಸಾಕ್ಷಿಗಳನ್ನು ಕೇಳಿ ಬರೆದಿಟ್ಟುಕೊಂಡರು. ವಿಶ್ವವಿದ್ಯಾಲಯದವರು ಬರುವ ಮೊದಲೇ ಸಭೆಗೆ ತನ್ನದೇ ಪತ್ರಾಗಾರ ಇತ್ತು. ನೀವು ಹೋಗುವ ಸಭೆಯಲ್ಲೂ ಯಾರದೋ ತಗಡಿನ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಅದನ್ನು ಮೊದಲ ದಿನ ತೋರಿಸುವುದಿಲ್ಲ. ಮೂರನೆಯ ಭೇಟಿಯಲ್ಲಿ ತೋರಿಸಿದರೆ ಅದೃಷ್ಟ. ತೋರಿಸಿದ ತಕ್ಷಣ ಮೊಬೈಲ್ ತೆಗೆದು ಫೋಟೊ ಹೊಡೆಯಲು ಹೋದರೆ ನಾಲ್ಕನೆಯ ಭೇಟಿ ಇರುವುದಿಲ್ಲ.

ಹತ್ತಿರದಲ್ಲೇ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ, ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಸಿನೊಮ್ಲಾಂಡೊ ಕೇಂದ್ರದ ಕೆಲಸವನ್ನು ನೋಡಿ. ಜುಲುವಿನಲ್ಲಿ ಆ ಹೆಸರಿನ ಅರ್ಥ ‘ನಮಗೊಂದು ಇತಿಹಾಸವಿದೆ’. ಸಭೆಗಳ ಮೌಖಿಕ ಇತಿಹಾಸದಿಂದ ಶುರುವಾದವರು, ಏಡ್ಸ್‌ನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಮನೆಯ ಕಥೆಗಳನ್ನು ‘ನೆನಪಿನ ಪೆಟ್ಟಿಗೆ’ಯಲ್ಲಿ ಕೂಡಿಸಿಕೊಡುವ ಕೆಲಸಕ್ಕೂ ಇಳಿದರು. ಕೇಳಿಸಿಕೊಂಡದ್ದು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಅವರ ಪೆಟ್ಟಿಗೆಗಳಿಗಿಂತ ನೇರವಾದ ಉತ್ತರವನ್ನು ನಾನು ಕಂಡಿಲ್ಲ.

ಕೊನೆಗೆ ಪ್ರತಿಗಳ ಮಾತು. ನೈಜೀರಿಯಾದ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಜಾನ್ಸನ್, ಓಯೊ ಅರಮನೆಯ ವಂದಿಗಳಾದ ಅರೊಕಿನ್‌ಗಳನ್ನೂ ಹಿರಿಯರನ್ನೂ ಕೇಳಿ ಯೊರುಬಾ ಜನರ ಇತಿಹಾಸ ಬರೆದು, 1897ರಲ್ಲಿ ಮುಗಿಸಿದರು. ಇಂಗ್ಲೆಂಡಿಗೆ ಹೋದ ಹಸ್ತಪ್ರತಿ ಅಲ್ಲೇ ಕಳೆದುಹೋಯಿತು. ಜಾನ್ಸನ್ 1901ರಲ್ಲಿ ತೀರಿಕೊಂಡರು. ಅವರ ತಮ್ಮ, ವೈದ್ಯ ಒಬದಯ ಜಾನ್ಸನ್, ಅಣ್ಣನ ಟಿಪ್ಪಣಿಗಳನ್ನು ಹಿಡಿದು ಮತ್ತೆ ಮೊದಲಿನಿಂದ ಬರೆದರು. ಪುಸ್ತಕ ಹೊರಬಂದದ್ದು 1921ರಲ್ಲಿ. ಆದ್ದರಿಂದ ಪ್ರತಿ ಧ್ವನಿಮುದ್ರಣಕ್ಕೂ ಮೂರು ಪ್ರತಿ ಮಾಡಿ. ಒಂದು ನಿಮ್ಮಲ್ಲಿರಲಿ, ಒಂದು ವಿಶ್ವವಿದ್ಯಾಲಯದಲ್ಲಿ. ಮೂರನೆಯದನ್ನು, ಕಾಗದದ ಮೇಲೆ ಅವರದೇ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಮಾತಿನ ಸಮೇತ, ಹೇಳಿದವರ ಮನೆಗೆ ನೀವೇ ಒಯ್ದು ಕೊಡಿ. ಗುರುವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಆಕೆ ಮನೆಯಲ್ಲಿರುವುದಿಲ್ಲ.